ನಾಯಿಯ ಮೇದೋಜೀರಕಾಂಗ ಮತ್ತು ಪ್ರತಿಧ್ವನಿಚಿತ್ರ

ಮೇದೋಜೀರಕಾಂಗದ ವಿಷಯದಲ್ಲಿ ಮನುಷ್ಯನು ಸಂಪಾದಿಸಿರುವ ತಿಳಿವಳಿಕೆಯ ಬಹುಭಾಗವು ನಾಯಿಯಿಂದ ಬಂದುದೆಂದು ಹೇಳಿದರೆ ಅತಿಶಯೋಕ್ತಿಯಾಗಲಾರದು. 1889ರಲ್ಲಿ ಸ್ಟ್ರಾಸ್‌ಬರ್ಗ್ ನಗರದಲ್ಲಿ ಮಿಂಕೋವ್‌ಸ್ಕಿ ಮತ್ತು ಫಾನ್ ಮೆರಿಂಗ್ ಎಂಬ ಇಬ್ಬರು ವೈದ್ಯರು ನಾಯಿಯ ಈ ಅಂಗವನ್ನು ಪೂರ್ಣವಾಗಿ ತೆಗೆದುಹಾಕಿದಾಗ ಅದಕ್ಕೆ ಸಿಹಿಮೂತ್ರರೋಗವು ಪ್ರಾಪ್ತವಾಯಿತು; ಆ ರೋಗದ ಬೇರು ಎಲ್ಲಿದೆಯೆಂಬುದು ಅಂದು ಗೊತ್ತಾಯಿತು. 1902ರಲ್ಲಿ ಲಂಡನ್ನಿನಲ್ಲಿ ಬೇಲಿಸ್ ಮತ್ತು ಸ್ಟಾರ್ಲಿಂಗ್ ಎಂಬುವರು ನಾಯಿಯ ಕರುಳಿನಿಂದ ಹೊರಟು ರಕ್ತದ ಮೂಲಕ ಮೇದೋಜೀರಕಾಂಗವನ್ನು ತಲಪಿ ಅದರಿಂದ ರಸವನ್ನು ಸ್ರವಿಸುವಂತೆ ಮಾಡುವ ಸೆಕ್ರಿಟಿನ್ ಎಂಬ ವಸ್ತುವನ್ನು ಕಂಡುಹಿಡಿದರು. ಜೀರ್ಣಕ್ರಿಯೆಯನ್ನು ಕುರಿತ ಸಂಶೋಧನೆಗಳಿಗಾಗಿ ರಷ್ಯದ ಪಾವ್ಲೊವ್ 1904ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದುದೂ, 1921ರಲ್ಲಿ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಅವರು ಇನ್ಸುಲಿನ್ ಸಾರವನ್ನು ಪರೀಕ್ಷಿಸಿದುದೂ ನಾಯಿಗಳ ಸಹಾಯದಿಂದಲೇ. ಇಷ್ಟೆಲ್ಲ ಆದರೂ, ಅದೇ ನಾಯಿಗೆ ಅದೇ ಅಂಗದಲ್ಲಿ ರೋಗವುಂಟಾದಾಗ ಅದನ್ನು ಪ್ರಾಣಿಯು ಬದುಕಿರುವಾಗಲೇ ನಿಶ್ಚಯವಾಗಿ ಗುರುತಿಸುವುದು ಇಂದಿಗೂ ಪಶುವೈದ್ಯಶಾಸ್ತ್ರದ ಕಠಿನ ಪ್ರಶ್ನೆಗಳಲ್ಲಿ ಒಂದಾಗಿ ಉಳಿದಿದೆ. ಈ ಪ್ರಶ್ನೆಗೆ ಅಲ್ಟ್ರಾಸೌಂಡ್, ಅಂದರೆ ಶ್ರವಣಾತೀತ ಶಬ್ದವು, ಎಷ್ಟರಮಟ್ಟಿಗೆ ಉತ್ತರ ಕೊಡಬಲ್ಲುದು, ಎಲ್ಲಿ ಕೊಡಲಾರದು ಎಂಬುದನ್ನು ವಿಚಾರಮಾಡುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಅಂಗದ ಪರಿಚಯವನ್ನು ಮಾಡಿಕೊಳ್ಳೋಣ. ಮೇದೋಜೀರಕಾಂಗವು ಎರಡು ಬಗೆಯ ಕೆಲಸವನ್ನು ಮಾಡುವ ಗ್ರಂಥಿ. ಅದರ ಬಹುಭಾಗವು ಆಹಾರದಲ್ಲಿನ ಸಸಾರಜನಕ, ಕೊಬ್ಬು, ಪಿಷ್ಟ ಇವುಗಳನ್ನು ಒಡೆಯುವ ಕಿಣ್ವಗಳನ್ನು ತಯಾರಿಸಿ ನಾಳಗಳ ಮೂಲಕ ಕರುಳಿಗೆ ಕಳುಹಿಸುತ್ತದೆ. ಉಳಿದ ಅಲ್ಪ ಭಾಗವು, 1869ರಲ್ಲಿ ಲಾಂಗರ್‌ಹಾನ್ಸ್ ಗುರುತಿಸಿದ ಕಿರುದ್ವೀಪಗಳ ರೂಪದಲ್ಲಿ ಚೆದರಿದ್ದು, ಇನ್ಸುಲಿನ್ ಮೊದಲಾದ ಹಾರ್ಮೋನುಗಳನ್ನು ರಕ್ತಕ್ಕೆ ಸೇರಿಸುತ್ತದೆ. ನಾಯಿಯಲ್ಲಿ ಈ ಗ್ರಂಥಿಯು ಎರಡು ತೋಳುಗಳುಳ್ಳ ಬಾಗಿದ ಕೊಂಬೆಯಂತಿದೆ. ಬಲದೋಳು ಸಣ್ಣಕರುಳಿನ ಮೊದಲ ಭಾಗವಾದ ಡುವೊಡಿನಮ್ಮಿನ ಪಕ್ಕದಲ್ಲಿ ಅದಕ್ಕೆ ಅಂಟಿಕೊಂಡಂತೆ ಹಿಂದಕ್ಕೆ ಚಾಚಿದೆ. ಎಡದೋಳು ಜಠರದ ಹಿಂದೆ ಗುಲ್ಮದ ಕಡೆಗೆ ಹೋಗಿದೆ. ಇವೆರಡೂ ಕೂಡುವ ನಡುಭಾಗವು ಜಠರವು ಕರುಳಿಗೆ ತೆರೆಯುವ ಬಾಗಿಲ ಬಳಿ ಇದೆ. ಆರೋಗ್ಯವಂತ ನಾಯಿಯಲ್ಲಿ ಇದರ ದಪ್ಪವು ಸಾಮಾನ್ಯವಾಗಿ ಒಂದು ಸೆಂಟಿಮೀಟರಿನ ಆಸುಪಾಸಿನಲ್ಲಿರುವುದು. ಸುತ್ತಲೂ ಕರುಳುಪಟಲದ ಕೊಬ್ಬು. ಮುಂದೆ ಗಾಳಿ ತುಂಬಿದ ಜಠರ. ಪಕ್ಕದಲ್ಲಿ ಗಾಳಿ ತುಂಬಿದ ಕರುಳು. ಅಂಗವೊಂದನ್ನು ಹೊರಗಣ್ಣಿಗೆ ಮರೆಮಾಡಬೇಕೆಂದಿದ್ದರೆ ಪ್ರಕೃತಿಗೆ ಇದಕ್ಕಿಂತ ಒಳ್ಳೆಯ ಸ್ಥಳ ಸಿಕ್ಕುತ್ತಿರಲಿಲ್ಲ.

ಈ ಗ್ರಂಥಿಗೆ ಬರುವ ರೋಗಗಳಲ್ಲಿ ಮುಖ್ಯವಾದುದು ಅದರ ಉರಿಯೂತ. ಗ್ರಂಥಿಯು ತಯಾರಿಸುವ ಕಿಣ್ವಗಳಲ್ಲಿ ಕೆಲವು, ವಿಶೇಷವಾಗಿ ಟ್ರಿಪ್ಸಿನ್, ಗ್ರಂಥಿಯ ಒಳಗೆ ನಿಷ್ಕ್ರಿಯ ರೂಪದಲ್ಲಿದ್ದು ಕರುಳನ್ನು ಸೇರಿದ ಮೇಲೆಯೇ ಚುರುಕಾಗಬೇಕು. ಯಾವುದೋ ಕಾರಣದಿಂದ ಅವು ಗ್ರಂಥಿಯಲ್ಲಿದ್ದಾಗಲೇ ಚುರುಕಾದರೆ ಗ್ರಂಥಿಯು ತನ್ನನ್ನು ತಾನೇ ಜೀರ್ಣಿಸಿಕೊಳ್ಳಲು ತೊಡಗುವುದು. ಒಲೆ ಹೊತ್ತಿಸಲೆಂದು ತಂದ ಬೆಂಕಿಯು ಸೌದೆಯ ಕೊಟ್ಟಿಗೆಗೇ ತಗುಲಿದಂತೆ ಇದು. ಕಾರಣಗಳನ್ನು ಎಲ್ಲ ಸಂದರ್ಭಗಳಲ್ಲಿಯೂ ಹೇಳಲಾಗುವುದಿಲ್ಲ. ತಿಪ್ಪೆಯನ್ನು ಕೆದಕಿ ತಿನ್ನುವುದು, ರೂಢಿಯಿಲ್ಲದ ಜಿಡ್ಡಿನ ಪದಾರ್ಥಗಳನ್ನು ತಿನ್ನುವುದು ಅಪಾಯಕರವೆಂದು ಕಂಡುಬಂದಿದೆ. ಹಬ್ಬದ ಮಾರನೆಯ ದಿನ ಉಳಿದುದನ್ನೆಲ್ಲ ಮನೆಯ ನಾಯಿಗೆ ಸುರಿಯುವ ನಮ್ಮ ಅಭ್ಯಾಸವು ಈ ದೃಷ್ಟಿಯಿಂದ ಔದಾರ್ಯವೆನಿಸಲಾರದು. ಮಿನಿಯೇಚರ್ ಷ್ನೌಟ್ಸರ್ ಎಂಬ ತಳಿಯಲ್ಲಿ ರಕ್ತದ ಕೊಬ್ಬಿನ ಅಂಶವು ಹುಟ್ಟಿನಿಂದಲೇ ಹೆಚ್ಚಾಗಿರುವುದುಂಟು, ಆ ತಳಿಗೆ ಈ ರೋಗವೂ ಹೆಚ್ಚು. ಕೆಲವು ಔಷಧಿಗಳೂ ಕಾರಣವಾಗಬಹುದು.

ಲಕ್ಷಣಗಳೇನೆಂದರೆ ವಾಂತಿ, ಅನ್ನದ್ವೇಷ, ಸೊರಗುವಿಕೆ, ಹೊಟ್ಟೆನೋವು. ಕೆಲವು ನಾಯಿಗಳು ಮುಂಗಾಲುಗಳನ್ನು ನೆಲಕ್ಕೆ ಚಾಚಿ ಹಿಂಭಾಗವನ್ನು ಮೇಲೆತ್ತಿ ನಮಸ್ಕಾರದ ಭಂಗಿಯಲ್ಲಿ ನಿಲ್ಲುವುದುಂಟು. ಆದರೆ ಇವುಗಳಲ್ಲಿ ಒಂದೂ ಈ ರೋಗಕ್ಕೇ ಮೀಸಲಾದುದಲ್ಲ. ಮಾವಿನ ಓಟೆಯನ್ನೋ ಬಟ್ಟೆಯ ತುಂಡನ್ನೋ ನುಂಗಿ ಕರುಳು ಕಟ್ಟಿದ ನಾಯಿಯೂ ಹೀಗೆಯೇ ವಾಂತಿಮಾಡುವುದು. ಮೂತ್ರಪಿಂಡವು ಕೆಟ್ಟ ನಾಯಿಯೂ ಹೀಗೆಯೇ ಸೊರಗುವುದು. ನೋವು ಎಲ್ಲಿದೆಯೆಂದು ಕೇಳಿದರೆ ಹೇಳುವ ಶಕ್ತಿ ರೋಗಿಗಿಲ್ಲ. ಇಲ್ಲಿಯೇ ವಿಷಯದ ಗಾಂಭೀರ್ಯವಿರುವುದು. ಕರುಳು ಕಟ್ಟಿದ್ದರೆ ತಡಮಾಡದೆ ಶಸ್ತ್ರಚಿಕಿತ್ಸೆಯಾಗಬೇಕು, ಇಲ್ಲದಿದ್ದರೆ ನಾಯಿ ಸಾಯುತ್ತದೆ. ಮೇದೋಜೀರಕಾಂಗದ ಉರಿಯೂತವಾಗಿದ್ದರೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯು ಬೇಕಿಲ್ಲ. ರಕ್ತನಾಳದ ಮೂಲಕ ಲವಣದ್ರವ, ನೋವಿಗೂ ವಾಂತಿಗೂ ಔಷಧ, ಸಾಧ್ಯವಾದಷ್ಟು ಬೇಗ ಜಿಡ್ಡು ಕಡಿಮೆಯಿರುವ ಆಹಾರ, ಇವೇ ಚಿಕಿತ್ಸೆ. ಅಂತಹ ಪ್ರಾಣಿಗೆ ಮಂಪರು ಕೊಟ್ಟು ಹೊಟ್ಟೆಯನ್ನು ಸೀಳಿ ನೋಡಿದರೆ ಇದ್ದ ಅಪಾಯವು ಇಮ್ಮಡಿಯಾಗಬಹುದು. ಎರಡು ರೋಗಗಳಿಗೆ ಮುಖ ಒಂದೇ, ಚಿಕಿತ್ಸೆ ಪರಸ್ಪರ ವಿರುದ್ಧ. ನಿರ್ಧಾರಕ್ಕೆ ಇರುವ ಕಾಲವೋ ಕೆಲವೇ ಗಂಟೆಗಳು.

ಕ್ಷ-ಕಿರಣವು ಇಲ್ಲಿ ಹೆಚ್ಚು ನೆರವಾಗುವುದಿಲ್ಲ. ಎಲುಬು, ಲೋಹ, ಗಾಳಿ ಇವನ್ನು ಅದು ಚೆನ್ನಾಗಿ ತೋರಿಸುವುದು. ಮೃದುವಾದ ಅಂಗಗಳೆಲ್ಲ ಅದಕ್ಕೆ ಸರಿಸುಮಾರು ಒಂದೇ ಬೂದುಬಣ್ಣ. ಕಣ್ಣಿಗೆ ಕಾಣದ ಶಬ್ದದ ಕಡೆಗೆ ವೈದ್ಯನು ತಿರುಗಿದುದು ಇದೇ ಕಾರಣದಿಂದ.

ಮನುಷ್ಯನ ಕಿವಿಯು ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗಿನ ಶಬ್ದವನ್ನು ಗ್ರಹಿಸಬಲ್ಲುದು. ಅದಕ್ಕೆ ಮೀರಿದುದು ಶ್ರವಣಾತೀತ. ಈ ಹೆಸರು ನಮ್ಮ ಕಿವಿಯನ್ನು ಅಳತೆಗೋಲಾಗಿ ಇಟ್ಟುಕೊಂಡು ಬಂದುದು. ನಾಯಿಗೆ 40,000ಕ್ಕೂ ಹೆಚ್ಚಿನ ಕಂಪನಗಳು ಕೇಳಿಸುವುದರಿಂದ, ನಮಗೆ ಶ್ರವಣಾತೀತವಾದುದೆಲ್ಲ ಅದಕ್ಕೆ ಹಾಗಲ್ಲ. ಆದರೆ ಚಿಕಿತ್ಸಾಲಯದ ಯಂತ್ರವು ಬಳಸುವ ಕಂಪನಸಂಖ್ಯೆಯು ಸೆಕೆಂಡಿಗೆ 50 ಲಕ್ಷದಿಂದ 1 ಕೋಟಿ 20 ಲಕ್ಷದವರೆಗಿನದು, ಆ ನಾದವು ಯಾವ ನಾಯಿಗೂ ಕೇಳಿಸದು. ಇಂತಹ ಶಬ್ದವನ್ನು ಹುಟ್ಟಿಸುವ ಉಪಾಯಕ್ಕೆ ಮೂಲವು 1880ರಲ್ಲಿ ಫ್ರಾನ್ಸಿನ ಕ್ಯೂರಿ ಸಹೋದರರು ಕಂಡುಹಿಡಿದ ಪೀಜೋವಿದ್ಯುತ್ತು. ಕೆಲವು ಹರಳುಗಳನ್ನು ಅದುಮಿದರೆ ವಿದ್ಯುತ್ತು ಹುಟ್ಟುವುದು. ವಿದ್ಯುತ್ತನ್ನು ಹರಿಸಿದರೆ ಅವು ಅದುರುವುವು. ಹೀಗೆ ಒಂದೇ ಹರಳು ಬಾಯಿಯೂ ಹೌದು, ಕಿವಿಯೂ ಹೌದು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಲಾಂಜೆವಿನ್ ಎಂಬ ಭೌತವಿಜ್ಞಾನಿಯು ಸಮುದ್ರದೊಳಗಿನ ಜಲಾಂತರ್ಗಾಮಿಗಳನ್ನು ಪ್ರತಿಧ್ವನಿಯಿಂದ ಪತ್ತೆಮಾಡಲು ಇದನ್ನು ಬಳಸಿದನು. 1958ರಲ್ಲಿ ಗ್ಲಾಸ್ಗೊ ನಗರದ ಇಯಾನ್ ಡೊನಾಲ್ಡ್ ಮತ್ತು ಅವನ ಸಹೋದ್ಯೋಗಿಗಳು ಮನುಷ್ಯರ ಉದರದ ಪ್ರತಿಧ್ವನಿಚಿತ್ರಗಳನ್ನು ಪ್ರಕಟಿಸಿದರು. ಪಶುಗಳಲ್ಲಿ ಇದರ ಉಪಯೋಗಕ್ಕೆ ಹಳೆಯ ದಾಖಲೆಗಳಲ್ಲಿ ಒಂದು, 1966ರಲ್ಲಿ ಲಿಂಡಾಲ್ ಕುರಿಗಳ ಗರ್ಭವನ್ನು ಗುರುತಿಸಿದ ವರದಿ. ಪ್ರಸಂಗವಶದಿಂದ ಇನ್ನೊಂದನ್ನು ನೆನೆಯಬಹುದು: ಅತ್ಯುಚ್ಚ ಕಂಪನಸಂಖ್ಯೆಯ ಶಬ್ದತರಂಗಗಳು ದ್ರವದಲ್ಲಿ ಸಾಗುವಾಗ ಬೆಳಕನ್ನು ಹೇಗೆ ಚೆದರಿಸುವುವು ಎಂಬುದಕ್ಕೆ ಸಿದ್ಧಾಂತವನ್ನು ಕೊಟ್ಟವರು ಸಿ. ವಿ. ರಾಮನ್ ಮತ್ತು ನಾಗೇಂದ್ರನಾಥ್. 1935-36ರ ಆ ಪ್ರಬಂಧಗಳು ಬೆಂಗಳೂರಿನಿಂದ ಹೊರಟವು.

ಯಂತ್ರದ ತತ್ತ್ವವು ಬಾವಿಯೊಳಕ್ಕೆ ಕೂಗಿ ಮಾರ್ದನಿಯನ್ನು ಕೇಳುವುದಕ್ಕಿಂತ ಬೇರೆಯಲ್ಲ. ಮೃದುವಾದ ಮಾಂಸದಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 1540 ಮೀಟರು ವೇಗದಿಂದ ಹೋಗುವುದು. ಚರ್ಮದಿಂದ 4 ಸೆಂಟಿಮೀಟರು ಆಳದಲ್ಲಿರುವ ಅಂಗದಿಂದ ಪ್ರತಿಧ್ವನಿಯು ಹಿಂದಿರುಗಲು ಸೆಕೆಂಡಿನ ಹತ್ತು ಲಕ್ಷದಲ್ಲಿ 52 ಭಾಗ ಸಾಕು. ಬಂದ ಕಾಲದಿಂದ ಆಳವನ್ನೂ, ಬಂದ ಬಲದಿಂದ ಹೊಳಪನ್ನೂ ಗೊತ್ತುಮಾಡಿ, ಯಂತ್ರವು ತೆರೆಯ ಮೇಲೆ ಚುಕ್ಕೆಗಳನ್ನು ಇಡುತ್ತದೆ. ಕಂಪನಸಂಖ್ಯೆ ಹೆಚ್ಚಿದಷ್ಟೂ ತರಂಗದೂರ ಕಿರಿದಾಗಿ ಚಿತ್ರವು ಸೂಕ್ಷ್ಮವಾಗುವುದು. ಸೆಕೆಂಡಿಗೆ 80 ಲಕ್ಷ ಕಂಪನಗಳಿದ್ದರೆ ತರಂಗದೂರವು ಸುಮಾರು 0.19 ಮಿಲಿಮೀಟರು. ಆದರೆ ಅಷ್ಟೇ ಬೇಗ ಆ ಶಬ್ದವನ್ನು ಮಾಂಸವು ಹೀರಿಕೊಳ್ಳುವುದರಿಂದ ಅದು ಆಳಕ್ಕೆ ಇಳಿಯದು. ಸಣ್ಣ ನಾಯಿಯಲ್ಲಿ ಚಿತ್ರವು ಅಚ್ಚುಕಟ್ಟಾಗಿಯೂ ಕೊಬ್ಬಿದ ದೊಡ್ಡ ನಾಯಿಯಲ್ಲಿ ಮಂಕಾಗಿಯೂ ಬರುವುದಕ್ಕೆ ಇದೇ ಕಾರಣ.

ಇನ್ನು ಪ್ರತಿಧ್ವನಿಯು ಏಳುವುದೆಲ್ಲಿ? ಎರಡು ವಸ್ತುಗಳು ಶಬ್ದಕ್ಕೆ ಒಡ್ಡುವ ತಡೆಯಲ್ಲಿ ವ್ಯತ್ಯಾಸವಿದ್ದರೆ ಅವುಗಳ ಎಲ್ಲೆಯಲ್ಲಿ. ಕೊಬ್ಬಿನಿಂದ ಮಾಂಸಕ್ಕೆ ಹೋಗುವಾಗ ಶಬ್ದಶಕ್ತಿಯ ನೂರರಲ್ಲಿ ಸುಮಾರು ಒಂದು ಪಾಲು ಮಾತ್ರ ಹಿಂದಿರುಗಿ ಉಳಿದುದು ಮುಂದೆ ಸಾಗುವುದರಿಂದ, ಮುಂದಿನ ಅಂಗಗಳೂ ಕಾಣುತ್ತವೆ. ಮಾಂಸದಿಂದ ಗಾಳಿಗೆ ಹೋಗುವಾಗಲಾದರೋ ನೂರಕ್ಕೆ 99ಕ್ಕೂ ಹೆಚ್ಚು ಪಾಲು ಹಿಂದಿರುಗುವುದು; ಅದರಾಚೆಗೆ ಏನಿದ್ದರೂ ಕತ್ತಲೆ. ನಾಯಿಯ ಹೊಟ್ಟೆಯ ಕೂದಲನ್ನು ಬೋಳಿಸಿ ಅಂಟುದ್ರವವನ್ನು ಸವರುವುದು ಕೂದಲಿನ ನಡುವಣ ಗಾಳಿಯನ್ನು ನಿವಾರಿಸುವುದಕ್ಕಾಗಿ. ಆದರೆ ಕರುಳಿನೊಳಗಿನ ಗಾಳಿಯನ್ನು ಬೋಳಿಸಲಾಗುವುದಿಲ್ಲ. ತುರ್ತಲ್ಲದಿದ್ದರೆ ನಾಯಿಯನ್ನು ಸುಮಾರು 12 ಗಂಟೆ ಉಪವಾಸವಿಡುವರು; ಶೋಧಕವನ್ನು ಮೆಲ್ಲಗೆ ಒತ್ತಿ ಕರುಳುಗಳನ್ನು ಪಕ್ಕಕ್ಕೆ ಸರಿಸುವರು; ನಾಯಿಯನ್ನು ಮಗ್ಗುಲು ಬದಲಾಯಿಸಿ ಮಲಗಿಸಿ ಗಾಳಿ ಮೇಲೇರಿ ದ್ರವ ಕೆಳಗಿಳಿಯುವಂತೆ ಮಾಡುವರು. ಎದೆಗೂಡು ಆಳವಾಗಿರುವ ತಳಿಗಳಲ್ಲಿ ಹೊಟ್ಟೆಯ ಕೆಳಗಿನಿಂದ ಗ್ರಂಥಿಯು ದೊರೆಯುವುದೇ ಇಲ್ಲ. ನಮ್ಮ ಬಾಗಲಕೋಟೆ ಜಿಲ್ಲೆಯ ಮುಧೋಳದ ಬೇಟೆನಾಯಿಯು ಇಂತಹ ಮೈಕಟ್ಟಿನದು. ಅಂತಹ ನಾಯಿಯನ್ನು ಎಡಮಗ್ಗುಲಾಗಿ ಮಲಗಿಸಿ ಬಲಗಡೆಯ ಕೊನೆಯ ಪಕ್ಕೆಲುಬುಗಳ ಸಂದಿನಿಂದ ನೋಡಬೇಕಾಗುವುದು.

ಹುಡುಕುವ ಕ್ರಮಕ್ಕೂ ಒಂದು ಜಾಣ್ಮೆಯಿದೆ. ಗ್ರಂಥಿಯನ್ನು ನೇರವಾಗಿ ಹುಡುಕುವುದಲ್ಲ, ಅದರ ನೆರೆಹೊರೆಯನ್ನು ಹುಡುಕುವುದು. ಬಲಗಡೆಯ ಮೂತ್ರಪಿಂಡ ಸಿಕ್ಕಿತೆಂದರೆ ಅದರ ಬಳಿಯಲ್ಲಿ ಉದ್ದಕ್ಕೆ ಹರಿಯುವ ಡುವೊಡಿನಮ್ಮು ಸಿಕ್ಕುವುದು. ಅದರ ಒಳಮಗ್ಗುಲಿನಲ್ಲಿ ಬಲದೋಳು. ಆ ತೋಳಿನ ನಡುವೆ ಕಪ್ಪುಗೆರೆಯಂತೆ ಓಡುವ ಒಂದು ಅಭಿಧಮನಿಯು ಗುರುತಿಗೆ ನಿಲ್ಲುತ್ತದೆ. ನಾಯಿಯಲ್ಲಿ ಬಲದೋಳು ಸುಲಭ, ಎಡದೋಳು ಕಷ್ಟ; ಬೆಕ್ಕಿನಲ್ಲಿ ಇದು ತಿರುಗುಮುರುಗು. ಆರೋಗ್ಯವಂತ ಗ್ರಂಥಿಯ ಹೊಳಪು ಪಿತ್ತಜನಕಾಂಗದ ಹೊಳಪಿಗೆ ಸಮ ಅಥವಾ ಕೊಂಚ ಹೆಚ್ಚು, ಸುತ್ತಲಿನ ಕೊಬ್ಬಿನ ಹೊಳಪಿಗೆ ಸಮ ಅಥವಾ ಕೊಂಚ ಕಡಿಮೆ. ಅಂದರೆ ಅದು ಕೊಬ್ಬಿನ ನಡುವೆ ಹಾಲಿನಲ್ಲಿ ಬಿದ್ದ ಬಿಳಿಯ ಬಟ್ಟೆಯಂತೆ ಅಡಗಿರುತ್ತದೆ. ಇದರಿಂದ ವಿದ್ಯಾರ್ಥಿಗಳು ಗಮನದಲ್ಲಿಡಬೇಕಾದ ಒಂದು ವಿಚಿತ್ರ ಫಲಿತಾಂಶವುಂಟು: ಗ್ರಂಥಿಯು ಕೆಟ್ಟಾಗ ಚೆನ್ನಾಗಿ ಕಾಣುತ್ತದೆ, ಚೆನ್ನಾಗಿದ್ದಾಗ ಕಾಣುವುದೇ ಕಷ್ಟ. ಆದುದರಿಂದ 'ಕಾಣಲಿಲ್ಲ' ಎಂಬ ಮಾತಿಗೂ 'ಆರೋಗ್ಯವಾಗಿದೆ' ಎಂಬ ಮಾತಿಗೂ ಬಹಳ ಅಂತರವಿದೆ. ವರದಿಯಲ್ಲಿ ಇವೆರಡನ್ನು ಬೇರೆಬೇರೆಯಾಗಿ ಬರೆಯುವ ಶಿಸ್ತನ್ನು ಎಲ್ಲರೂ ಪಾಲಿಸುವುದಿಲ್ಲ.

1983ರಲ್ಲಿ ಕ್ಯಾಲಿಫೋರ್ನಿಯದ ಡೇವಿಸ್‌ನಲ್ಲಿ ನೈಲಂಡ್ ಮತ್ತು ಸಹೋದ್ಯೋಗಿಗಳು ನಾಯಿಗಳಲ್ಲಿ ಪ್ರಯೋಗಾರ್ಥವಾಗಿ ಉಂಟುಮಾಡಿದ ತೀವ್ರ ಉರಿಯೂತವು ಪ್ರತಿಧ್ವನಿಚಿತ್ರದಲ್ಲಿ ಹೇಗೆ ಕಾಣುವುದೆಂಬುದನ್ನು ವಿವರಿಸಿದರು. ಅಂದಿನಿಂದ ಇಂದಿನವರೆಗೆ ಯಂತ್ರಗಳು ಎಷ್ಟೋ ಉತ್ತಮವಾಗಿದ್ದರೂ ಮುಖ್ಯ ಲಕ್ಷಣಗಳು ಮೂರೇ ಆಗಿ ಉಳಿದಿವೆ. ಗ್ರಂಥಿಯು ದಪ್ಪವಾಗುವುದು, ಅದರ ಮೈ ಕಪ್ಪಾಗುವುದು, ಸುತ್ತಲಿನ ಕೊಬ್ಬು ಬೆಳ್ಳಗೆ ಹೊಳೆಯುವುದು. ಇವುಗಳ ಕಾರಣವನ್ನು ಅರಿಯದೆ ಕೇವಲ ಕಂಠಪಾಠ ಮಾಡಿದರೆ ಪ್ರಯೋಜನ ಸಾಲದು. ಉರಿಯೂತವಾದಲ್ಲಿ ರಕ್ತನಾಳಗಳಿಂದ ನೀರು ಒಸರಿ ಊತಕವನ್ನು ನೆನೆಸುವುದು. ನೀರಿನಲ್ಲಿ ಪ್ರತಿಧ್ವನಿಯೇಳಲು ಎಲ್ಲೆಗಳಿಲ್ಲ, ಆದುದರಿಂದ ನೆನೆದ ಊತಕವು ಕಪ್ಪು. ಗ್ರಂಥಿಯಿಂದ ಸೋರಿದ ಕಿಣ್ವಗಳು ನೆರೆಯ ಕೊಬ್ಬನ್ನು ಒಡೆಯುವುವು. ಒಡೆದ ಕೊಬ್ಬಿನ ಆಮ್ಲಗಳು ಸುಣ್ಣದ ಅಂಶದೊಡನೆ ಕೂಡಿ, ನಾವು ಸೋಪು ತಯಾರಿಸುವ ಬಗೆಯಲ್ಲಿಯೇ, ಒಂದು ತೆರನಾದ ಸಾಬೂನಾಗುವುವು. ಈ ಕೆಟ್ಟ ಕೊಬ್ಬಿನಲ್ಲಿ ಪ್ರತಿಧ್ವನಿಗಳು ದಟ್ಟವಾಗಿ ಏಳುವುದರಿಂದ ಅದು ಬಿಳುಪು. ಕಪ್ಪು ಗ್ರಂಥಿಯ ಸುತ್ತ ಬಿಳಿಯ ಅಂಚು ಕಂಡು, ಶೋಧಕವನ್ನು ಅಲ್ಲಿಯೇ ಒತ್ತಿದಾಗ ನಾಯಿಯು ನೋವಿನಿಂದ ಬಿಗಿದುಕೊಂಡರೆ, ವೈದ್ಯನ ಸಂಶಯವು ಬಲವಾಗುವುದು ಸಹಜವೇ. ಇವುಗಳ ಜೊತೆಗೆ ಉದರದಲ್ಲಿ ಸ್ವಲ್ಪ ನೀರು, ಪಕ್ಕದ ಡುವೊಡಿನಮ್ಮಿನ ಗೋಡೆಯು ನೆರಿಗೆಗಟ್ಟಿರುವುದು, ಪಿತ್ತನಾಳವು ಅದುಮಿಹೋಗಿ ಅದರ ಮೇಲ್ಭಾಗ ಉಬ್ಬಿರುವುದು, ಇವೂ ಕಾಣಬಹುದು.

ಆದರೆ ಗಮನಿಸಿ: ಯಂತ್ರವು ತೋರಿಸಿದುದು ಉರಿಯೂತವನ್ನಲ್ಲ, ನೀರನ್ನು ಮತ್ತು ಕೆಟ್ಟ ಕೊಬ್ಬನ್ನು. ನೀರು ಬೇರೆ ಕಾರಣಗಳಿಂದಲೂ ಬರಬಹುದು. 1999ರಲ್ಲಿ ಲ್ಯಾಂಬ್ ಪ್ರಕಟಿಸಿದ ವರದಿಯಲ್ಲಿ ರಕ್ತದ ಆಲ್ಬುಮಿನ್ ಇಳಿದಿದ್ದ ಹಾಗೂ ಪಿತ್ತಜನಕಾಂಗಕ್ಕೆ ಹೋಗುವ ರಕ್ತನಾಳದಲ್ಲಿ ಒತ್ತಡವೇರಿದ್ದ ನಾಯಿಗಳಲ್ಲಿ ಗ್ರಂಥಿಯು ಬಾತು, ಕಪ್ಪುಪಟ್ಟೆಗಳಿಂದ ಸೀಳಿದಂತೆ ಕಂಡುದನ್ನು ವಿವರಿಸಲಾಗಿದೆ. ಬಿಳಿಯ ಕೊಬ್ಬಿನ ವಿಷಯದಲ್ಲಿಯೂ ಹೀಗೆಯೇ. ಕರುಳಿಗೆ ತೂತಾಗಿ ಉದರಪಟಲವು ಉರಿಗೊಂಡರೂ ಕೊಬ್ಬು ಹೊಳೆಯುತ್ತದೆ. ಮುಪ್ಪಿನ ನಾಯಿಗಳ ಗ್ರಂಥಿಯಲ್ಲಿ ನಿರಪಾಯಕರವಾದ ಗಂಟುಗಳು ಬೆಳೆದಿರುವುದುಂಟು, ಅವನ್ನು ಅರ್ಬುದವೆಂದು ಭ್ರಮಿಸಲು ಅವಕಾಶವಿದೆ. ಮೇಲಾಗಿ ಚಿತ್ರದ ಬದಲಾವಣೆಯು ರೋಗದೊಡನೆ ಒಂದೇ ಹೆಜ್ಜೆಯಲ್ಲಿ ನಡೆಯುವುದಿಲ್ಲ. ರೋಗದ ಮೊದಲ ದಿನ ಏನೂ ಕಾಣದೆ ಎರಡು ದಿನಗಳ ಮೇಲೆ ಸ್ಪಷ್ಟವಾಗಿ ಕಾಣಬಹುದು. ನಾಯಿಯು ಚೇತರಿಸಿಕೊಂಡು ಓಡಾಡುತ್ತಿದ್ದರೂ ಚಿತ್ರವು ಕೆಟ್ಟೇ ಇರಬಹುದು.

ಹಾಗಾದರೆ ಈ ಪರೀಕ್ಷೆಯನ್ನು ಎಷ್ಟು ನಂಬಬಹುದು? ಅಮೆರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದಲ್ಲಿ 1986ರಿಂದ 1995ರವರೆಗೆ ತೀವ್ರ ಉರಿಯೂತದಿಂದ ಸತ್ತ 70 ನಾಯಿಗಳ ದಾಖಲೆಗಳನ್ನು ಹೆಸ್ ಮತ್ತು ಸಂಗಡಿಗರು ಪರಿಶೀಲಿಸಿ 1998ರಲ್ಲಿ ಪ್ರಕಟಿಸಿದರು. ಪ್ರತಿಧ್ವನಿಚಿತ್ರವು ಪರೀಕ್ಷಿಸಿದವುಗಳಲ್ಲಿ ಶೇಕಡ 68ರಲ್ಲಿ ರೋಗವನ್ನು ಹಿಡಿದಿತ್ತು. ಕ್ಷ-ಕಿರಣವು ಶೇಕಡ 24ರಲ್ಲಿ ಮಾತ್ರ. ಈ ಶೇಕಡ 68 ಎಂಬ ಅಂಕಿಯು ಪಠ್ಯಪುಸ್ತಕಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಆದರೆ ಅದು ಸತ್ತ ನಾಯಿಗಳ, ಎಂದರೆ ಅತ್ಯಂತ ಉಲ್ಬಣವಾದ ರೋಗದ, ಅಂಕಿಯೆಂಬುದನ್ನು ಮರೆಯಬಾರದು. ಸೌಮ್ಯವಾದ ರೋಗದಲ್ಲಿಯೂ ಅಷ್ಟೇ ಸಾಫಲ್ಯವಿರುವುದೆಂದು ಅದರಿಂದ ಊಹಿಸುವುದು ತರ್ಕಕ್ಕೆ ಒಪ್ಪುವ ಮಾತಲ್ಲ.

2020ರಲ್ಲಿ ಕ್ರಿಜ್ ಮತ್ತು ಸಹೋದ್ಯೋಗಿಗಳು ಪ್ರಕಟಿಸಿದ ಇನ್ನೊಂದು ಅಧ್ಯಯನವು ನನ್ನ ದೃಷ್ಟಿಯಲ್ಲಿ ಹೆಚ್ಚು ಬೋಧಪ್ರದವಾದುದು. ಮೇಲೆ ಹೇಳಿದ ಮೂರು ಲಕ್ಷಣಗಳಲ್ಲಿ ಯಾವುದಾದರೂ ಒಂದಿದ್ದರೆ ಸಾಕು, ರೋಗವಿದೆಯೆಂದು ಹೇಳೋಣ ಎಂದು ನಿಯಮಮಾಡಿಕೊಂಡರೆ, ರೋಗವುಳ್ಳ ನಾಯಿಗಳಲ್ಲಿ ಶೇಕಡ 89 ಸಿಕ್ಕಿಬೀಳುವುವು. ಆದರೆ ರೋಗವಿಲ್ಲದವುಗಳಲ್ಲಿ ಶೇಕಡ 43 ಮಾತ್ರ ಬಿಡುಗಡೆ ಹೊಂದುವುವು. ಮೂರೂ ಇರಲೇಬೇಕೆಂದು ಬಿಗಿಮಾಡಿದರೆ ರೋಗವಿಲ್ಲದವುಗಳಲ್ಲಿ ಶೇಕಡ 92 ಬಿಡುಗಡೆಯಾಗುವುವು, ಆದರೆ ರೋಗವುಳ್ಳವುಗಳಲ್ಲಿ ಶೇಕಡ 43 ಮಾತ್ರ ಸಿಕ್ಕುವುವು. ಇದರ ಅರ್ಥವನ್ನು ಒಂದು ಲೆಕ್ಕದಿಂದ ತಿಳಿಯೋಣ. ವಾಂತಿಮಾಡುವ 100 ನಾಯಿಗಳು ಬಂದುವೆಂದೂ ಅವುಗಳಲ್ಲಿ 20ಕ್ಕೆ ಈ ರೋಗವಿದೆಯೆಂದೂ ಭಾವಿಸೋಣ. ಇದು ಲೆಕ್ಕದ ಅನುಕೂಲಕ್ಕಾಗಿ ಮಾಡಿಕೊಂಡ ಊಹೆ ಮಾತ್ರ. ಸಡಿಲವಾದ ನಿಯಮದಂತೆ 20ರಲ್ಲಿ ಸುಮಾರು 18 ಸಿಕ್ಕುವುವು, ಆದರೆ ಅವುಗಳ ಜೊತೆಗೆ ನಿರ್ದೋಷಿಗಳಾದ 46 ನಾಯಿಗಳೂ ಅದೇ ಹೆಸರು ಹೊರುವುವು. ಬಿಗಿಯಾದ ನಿಯಮದಂತೆ ನಿರ್ದೋಷಿಗಳಲ್ಲಿ ಸುಮಾರು 6 ಮಾತ್ರ ಹೆಸರು ಕೆಡಿಸಿಕೊಳ್ಳುವುವು, ಆದರೆ ರೋಗವುಳ್ಳ 20ರಲ್ಲಿ 11 ನಾಯಿಗಳು ಕಣ್ತಪ್ಪಿ ಹೋಗುವುವು. ಯಂತ್ರ ಅದೇ, ಚಿತ್ರ ಅದೇ, ನೋಡಿದ ಕಣ್ಣೂ ಅದೇ. ಎಷ್ಟು ಕಂಡರೆ ಸಾಕೆಂಬ ಗೆರೆಯನ್ನು ಎಲ್ಲಿ ಎಳೆದೆವೆಂಬುದಷ್ಟೇ ಬೇರೆ. ಈ ಗೆರೆಯನ್ನು ಎಳೆಯುವವನು ವೈದ್ಯನೇ ಹೊರತು ಯಂತ್ರವಲ್ಲ.

ಇದರ ಹಿಂದೆ ಇನ್ನೂ ಆಳವಾದ ತೊಡಕೊಂದಿದೆ. ರೋಗ ಇದೆ, ಇಲ್ಲ ಎಂಬ ಕೊನೆಯ ತೀರ್ಪನ್ನು ಕೊಡುವವರು ಯಾರು? ಊತಕವನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದೇ ಕೊನೆಯ ಪ್ರಮಾಣವೆಂದು ಸಾಮಾನ್ಯವಾಗಿ ಹೇಳುವರು. ಆದರೆ ನಾಯಿಯಲ್ಲಿ ಈ ಉರಿಯೂತವು ಗ್ರಂಥಿಯ ಉದ್ದಕ್ಕೂ ಸಮವಾಗಿ ಹರಡಿರದೆ ಅಲ್ಲಲ್ಲಿ ಚೆದರಿರುತ್ತದೆ. ಒಂದು ಚೂರನ್ನು ತೆಗೆದು ನೋಡಿದರೆ ರೋಗವಿಲ್ಲದ ಚೂರೇ ಕೈಗೆ ಬರಬಹುದು. ಇನ್ನೊಂದು ಕಡೆ, ಇಂಗ್ಲೆಂಡಿನಲ್ಲಿ ವಾಟ್ಸನ್ ಮತ್ತು ಸಹೋದ್ಯೋಗಿಗಳು 200 ನಾಯಿಗಳ ಶವಪರೀಕ್ಷೆಯನ್ನು ಆಧರಿಸಿ 2007ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಕೊಳೆತಿದ್ದ ಮಾದರಿಗಳನ್ನು ಬಿಟ್ಟು ನೋಡಿದಾಗ, ಸುಮಾರು ಮೂರರಲ್ಲಿ ಒಂದು ನಾಯಿಗೆ ದೀರ್ಘಕಾಲಿಕ ಉರಿಯೂತದ ಗುರುತುಗಳಿದ್ದುವು. ಈ ನಾಯಿಗಳೆಲ್ಲ ಆ ರೋಗದಿಂದಲೇ ನರಳಿ ಸತ್ತವೆಂದು ಯಾರೂ ಹೇಳಲಾರರು. ಹೀಗೆ ಅಳೆಯುವ ಕೋಲೇ ಅಲುಗಾಡುತ್ತಿರುವಾಗ ಅಳತೆಯ ಅಂಕಿಗಳನ್ನು ಸ್ವಲ್ಪ ಸಂಕೋಚದಿಂದ ಓದುವುದು ಲೇಸು.

ರಕ್ತಪರೀಕ್ಷೆಯು ಚಿತ್ರಕ್ಕೆ ಜೊತೆಗಾರನಾಗಿ ಬಂದಿದೆ. ಕೊಬ್ಬನ್ನು ಒಡೆಯುವ ಲೈಪೇಸ್ ಎಂಬ ಕಿಣ್ವವು ಹಲವು ಅಂಗಗಳಿಂದ ಬರುವುದರಿಂದ ಹಳೆಯ ಲೈಪೇಸ್ ಪರೀಕ್ಷೆಗಳು ದಾರಿತಪ್ಪಿಸುತ್ತಿದ್ದುವು. ಅಮೆರಿಕದಲ್ಲಿ ಸ್ಟೈನರ್, ವಿಲಿಯಮ್ಸ್ ಮೊದಲಾದವರು ಮೇದೋಜೀರಕಾಂಗದಿಂದ ಬಂದ ಲೈಪೇಸನ್ನು ಮಾತ್ರ ಪ್ರತಿವಿಷಗಳ ಸಹಾಯದಿಂದ ಗುರುತಿಸುವ ವಿಧಾನವನ್ನು ರೂಪಿಸಿದರು. ಲೀಟರು ರಕ್ತರಸದಲ್ಲಿ 200 ಮೈಕ್ರೊಗ್ರಾಮಿನವರೆಗೆ ಇದ್ದರೆ ಸಹಜ, 400ಕ್ಕೆ ಮೀರಿದರೆ ಉರಿಯೂತಕ್ಕೆ ಅನುಗುಣ, ನಡುವಣದು ಸಂದಿಗ್ಧ. ಚಿತ್ರವೂ ರಕ್ತಪರೀಕ್ಷೆಯೂ ಒಂದೇ ಮಾತನ್ನು ಹೇಳಿದರೆ ನೆಮ್ಮದಿ, ಹೇಳದಿರುವುದೂ ಅಪರೂಪವಲ್ಲ. ಆಗ ನಾಯಿಯನ್ನೇ ನೋಡಬೇಕು, ಮರುದಿನ ಮತ್ತೆ ಚಿತ್ರವನ್ನು ತೆಗೆಯಬೇಕು.

ಇಷ್ಟು ಮಿತಿಗಳನ್ನು ಹೇಳಿದುದರಿಂದ ಈ ವಿಧಾನವು ನಿಷ್ಪ್ರಯೋಜಕವೆಂಬ ಭಾವನೆ ವಾಚಕರಿಗೆ ಬರಬಾರದು. ಅದರ ಮುಖ್ಯ ಪ್ರಯೋಜನವು ನಾವು ಹುಡುಕುತ್ತಿರುವ ಗ್ರಂಥಿಯಲ್ಲಿಲ್ಲ, ಅದರ ಸುತ್ತಮುತ್ತಲಿನಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಶೋಧಕವನ್ನು ಹಿಡಿದ ವೈದ್ಯನು ಅದೇ ಹೊತ್ತಿನಲ್ಲಿ ಕರುಳನ್ನು ನೋಡುತ್ತಾನೆ. ಕರುಳಿನ ಒಂದು ಭಾಗ ದ್ರವದಿಂದ ಉಬ್ಬಿ, ಅದರ ತುದಿಯಲ್ಲಿ ಹಿಂದೆ ಕರಿನೆರಳನ್ನು ಚೆಲ್ಲುವ ಗಟ್ಟಿವಸ್ತುವೊಂದು ಕಂಡರೆ, ಆ ನಾಯಿಯು ಶಸ್ತ್ರಚಿಕಿತ್ಸೆಯ ಮೇಜಿಗೆ ಹೋಗಬೇಕಾದುದೆಂಬುದು ಸ್ಪಷ್ಟವಾಗುವುದು. ಪಿತ್ತಕೋಶ, ಮೂತ್ರಪಿಂಡ, ಹೆಣ್ಣುನಾಯಿಯಾದರೆ ಕೀವು ತುಂಬಿದ ಗರ್ಭಕೋಶ, ಎಲ್ಲವೂ ಒಂದೇ ಸಲಕ್ಕೆ ಪರೀಕ್ಷೆಗೊಳಗಾಗುವುವು. ಲೇಖನದ ಆರಂಭದಲ್ಲಿ ಹೇಳಿದ ಆ ಕೆಲವು ಗಂಟೆಗಳ ಸಂದಿಗ್ಧದಲ್ಲಿ ಸೀಳಬೇಕೆ ಬೇಡವೆ ಎಂಬುದಕ್ಕೆ ಉತ್ತರವು ಬಹುಮಟ್ಟಿಗೆ ಇಲ್ಲಿಂದ ದೊರೆಯುತ್ತದೆ. ರಕ್ತದ ಒಂದು ಹನಿಯು ಇದನ್ನು ಹೇಳಲಾರದು. ಗ್ರಂಥಿಯಲ್ಲಿ ಕೀವುಗಟ್ಟಿದ್ದರೆ ಅಥವಾ ದ್ರವದ ಚೀಲವಾಗಿದ್ದರೆ ಚಿತ್ರವನ್ನು ನೋಡುತ್ತಲೇ ಸಣ್ಣ ಸೂಜಿಯಿಂದ ದ್ರವವನ್ನು ಹೀರಿ ತೆಗೆಯಬಹುದು, ಕೋಶಗಳನ್ನು ಪರೀಕ್ಷೆಗೆ ಪಡೆಯಬಹುದು. ಉರಿಯೂತವನ್ನೂ ಅರ್ಬುದವನ್ನೂ ಕೇವಲ ಬೂದುಬಣ್ಣದ ಛಾಯೆಗಳಿಂದ ಬೇರ್ಪಡಿಸಲಾಗದಿರುವುದರಿಂದ ಈ ಸೂಜಿಯು ಅನೇಕ ವೇಳೆ ಅನಿವಾರ್ಯ.

ಉಳಿದ ರೋಗಗಳ ವಿಷಯವನ್ನು ಸಂಕ್ಷೇಪವಾಗಿ ಹೇಳಬಹುದು. ದೀರ್ಘಕಾಲಿಕ ಉರಿಯೂತದಲ್ಲಿ ಗ್ರಂಥಿಯು ಕುಗ್ಗಿ, ಗಂಟುಗಂಟಾಗಿ, ಬಿಳಿಯ ಗೆರೆಗಳಿಂದ ಕೂಡಿ ಕಾಣಬಹುದು. ಎಷ್ಟೋ ವೇಳೆ ಏನೂ ಕಾಣುವುದಿಲ್ಲ. ಜರ್ಮನ್ ಷೆಪರ್ಡ್ ತಳಿಯಲ್ಲಿ ಕಿಣ್ವಗಳನ್ನು ಸ್ರವಿಸುವ ಭಾಗವೇ ಕ್ಷಯಿಸಿಹೋಗುವ ರೋಗವೊಂದಿದೆ. ಆ ನಾಯಿಗೆ ಹಸಿವು ವಿಪರೀತ, ತಿಂದರೂ ಮೈ ಹತ್ತುವುದಿಲ್ಲ, ಮಲವು ಜಿಡ್ಡಾಗಿ ರಾಶಿರಾಶಿಯಾಗಿ ಬರುವುದು. ಅಲ್ಲಿ ಚಿತ್ರವನ್ನು ತೆಗೆದು ಕಾಲಹರಣ ಮಾಡುವುದಕ್ಕೆ ಅರ್ಥವಿಲ್ಲ. ಟ್ರಿಪ್ಸಿನ್ನನ್ನು ಹೋಲುವ ವಸ್ತುವನ್ನು ರಕ್ತದಲ್ಲಿ ಅಳೆದರೆ ನಿರ್ಣಯವಾಗುವುದು, ಕಿಣ್ವದ ಪುಡಿಯನ್ನು ಆಹಾರದಲ್ಲಿ ಬೆರೆಸಿ ಕೊಟ್ಟರೆ ಬಹುಪಾಲು ನಾಯಿಗಳು ಚೇತರಿಸಿಕೊಳ್ಳುವುವು.

ಇನ್ಸುಲಿನ್ನನ್ನು ಅತಿಯಾಗಿ ಸುರಿಸುವ ಅರ್ಬುದದ ಕಥೆ ಬೇರೆ. ರಕ್ತದ ಸಕ್ಕರೆ ಕುಸಿದು ನಾಯಿಯು ತತ್ತರಿಸಿ ಬೀಳುತ್ತದೆ, ಕೆಲವೊಮ್ಮೆ ಸೆಳವು ಬರುತ್ತದೆ. ಈ ಗಂಟುಗಳು ಅನೇಕ ವೇಳೆ ಬಟಾಣಿಯಷ್ಟು ಚಿಕ್ಕವು, ಸುತ್ತಲಿನ ಗ್ರಂಥಿಗಿಂತ ಹೊಳಪಿನಲ್ಲಿ ಹೆಚ್ಚು ಭೇದವಿಲ್ಲದವು. 2005ರಲ್ಲಿ ರಾಬೆನ್ ಮತ್ತು ಸಹೋದ್ಯೋಗಿಗಳು ಇಂತಹ 14 ನಾಯಿಗಳನ್ನು ಪರೀಕ್ಷಿಸಿದಾಗ ಪ್ರತಿಧ್ವನಿಚಿತ್ರವು 5 ನಾಯಿಗಳಲ್ಲಿ ಮಾತ್ರ ಗಂಟನ್ನು ತೋರಿಸಿತು. ಕ್ಷ-ಕಿರಣಗಳಿಂದಲೇ ಅಡ್ಡಕೊಯ್ತದ ಚಿತ್ರಗಳನ್ನು ಕಟ್ಟುವ ಸಿ.ಟಿ. ಯಂತ್ರವು 10 ನಾಯಿಗಳಲ್ಲಿ ತೋರಿಸಿತು. ಆದುದರಿಂದ ರಕ್ತದಲ್ಲಿ ಸಕ್ಕರೆ ಕಡಿಮೆಯಿದ್ದಾಗಲೂ ಇನ್ಸುಲಿನ್ ಇಳಿಯದೆ ಇದ್ದರೆ, ಚಿತ್ರವು ಶುಭ್ರವಾಗಿದ್ದ ಮಾತ್ರಕ್ಕೆ ಅರ್ಬುದವಿಲ್ಲವೆಂದು ಬರೆದುಕೊಡುವುದು ಸಲ್ಲದು. ಅಂತಹ ನಾಯಿಯ ಹೊಟ್ಟೆಯನ್ನು ತೆರೆದು, ಗ್ರಂಥಿಯ ಎರಡು ತೋಳುಗಳನ್ನೂ ಬೆರಳುಗಳ ನಡುವೆ ಮೆಲ್ಲಗೆ ಹಾಯಿಸುತ್ತ ಹೋಗುವ ಶಸ್ತ್ರವೈದ್ಯನ ಸ್ಪರ್ಶಕ್ಕೆ, ಶಬ್ದಕ್ಕೆ ಸಿಕ್ಕದ ಗಂಟು ಸಿಕ್ಕುವುದುಂಟು.